ಗುಂಡಮ್ಮನ ತೂಕ

ಬೀದಿಯವರ ಬಟ್ಟೆ ಉಜ್ಜಿಕೊಡುವ ಇಸ್ತ್ರಿ ಅಜ್ಜಿಯ ಮೊಮ್ಮಗಳಿಗೆ ಗುಂಡಮ್ಮ ಎಂದು ಹೆಸರು ಬಿದ್ದದ್ದು ಬರೀ ಆಸೆಯಿಂದ. ಎರಡು ವರ್ಷ ತುಂಬಿದರೂ ಮಗು ಕಡ್ಡಿಯಂತಿತ್ತು. ಹೋದ ಚಳಿಗಾಲದಲ್ಲಿ ಅದಕ್ಕೆ ಜ್ವರ ಹಿಡಿದು, ಸೊಸೆ ಹೊಲಿಗೆ ಕೆಲಸ ಬಿಟ್ಟು ಹದಿನೈದು ದಿನ ಮನೆಯಲ್ಲಿ ಕೂತಾಗ ಒಲೆ ಹೊತ್ತಿದ್ದು ದಿನಕ್ಕೊಂದೇ ಸಲ. ಇನ್ನೊಂದು ಜ್ವರ ಬಂದರೆ ಮಗುವೂ ತಡೆಯದು, ಮನೆಯೂ ತಡೆಯದು. ಅಜ್ಜಿಗೆ ಅದೇ ಹೆದರಿಕೆ.

ಆದರೆ ಅಜ್ಜಿಗೆ ಮರ್ಯಾದೆಯೂ ದೊಡ್ಡದು. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ತಿಂಗಳ ದಿನ ನರ್ಸಮ್ಮ ಎಲ್ಲರೆದುರು, "ಊಟ ಹಾಕ್ತೀರೋ ಇಲ್ವೋ?" ಎಂದು ಕೇಳಿಬಿಟ್ಟರೆ ಬೀದಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಈ ಸಲ ಅಜ್ಜಿ ಮನೆಯ ಬೀಗವನ್ನೇ ಮಗುವಿನ ಅಂಗಿಯ ಒಳಗಿಟ್ಟು ನಾಲ್ಕು ಹೊಲಿಗೆ ಹಾಕಿದಳು. ಬಾಗಿಲು ತೆರೆದೇ ಉಳಿಯಿತು. ಕದಿಯುವವರಿಗೆ ಒಳಗೆ ಇದ್ದದ್ದಾದರೂ ಏನು!

ಚಳಿ ಎಂದು ನೆಪ ಹೇಳಿ ಅಂಗಿ ಬಿಚ್ಚಲು ಬಿಡಲಿಲ್ಲ. ತಕ್ಕಡಿಯ ಮುಳ್ಳು ಸಲೀಸಾಗಿ ಮುಂದೆ ಹೋಯಿತು. ನರ್ಸಮ್ಮನ ಮುಖ ಅರಳಿತು.

"ಭೇಷ್ ಅಜ್ಜಿ, ಗುಂಡಮ್ಮ ಪಾಸು. ಇವತ್ತಿಂದ ಸೊರಗಿದ ಮಕ್ಕಳಿಗೆ ದಿನಾ ಮೊಟ್ಟೆ, ಕಾಳಿನ ಹಿಟ್ಟು ಕೊಡ್ತೀವಿ. ನಿಮ್ಮವಳಿಗೆ ಅದು ಬೇಕೇ ಇಲ್ಲ."

ಅಜ್ಜಿ ಮಗುವನ್ನು ಎತ್ತಿಕೊಂಡಳು. ಬಾಗಿಲವರೆಗೆ ಹೋದಳು, ನಿಂತಳು, ವಾಪಸು ಬಂದಳು. ಹಲ್ಲಿನಿಂದ ಹೊಲಿಗೆ ಕಡಿದು ಬೀಗವನ್ನು ಮೇಜಿನ ಮೇಲಿಟ್ಟಳು.

"ಇನ್ನೊಂದ್ಸಲ ತೂಗಮ್ಮ. ಅಷ್ಟೂ ಇವಳದಲ್ಲ."

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, "ಮನೇಲಿ ಏನು ತಿನ್ನಿಸ್ತೀರಿ?" ಎಂದು ಕೇಳಿದಳು.

"ಬೇಳೆ ಬೇಯಿಸಿದ ತಿಳಿ. ಗಟ್ಟಿ ಇರೋದು ಮಗೂಗೆ ಅರಗಲ್ಲ ಅಂತ ನಾವೇ ತಿಂತೀವಿ."

"ಬೇಳೆಯೆಲ್ಲಾ ನೀವು ತಿಂದು ಮಗೂಗೆ ನೀರು ಕುಡಿಸಿದ್ರಾ? ಇನ್ಮೇಲೆ ತಳದ ಗಟ್ಟಿ ಅವಳಿಗೆ, ಚೆನ್ನಾಗಿ ಹಿಸುಕಿ."

ಇಷ್ಟು ದಿನ ಮುದ್ದು ಮಾಡುತ್ತಲೇ ಮಗುವನ್ನು ಹಸಿವಲ್ಲಿ ಇಟ್ಟೆನಲ್ಲ ಎಂದು ಅಜ್ಜಿಯ ಕಣ್ಣು ತುಂಬಿತು. ಹಿಂದೆ ಸಾಲಾಗಿ ನಿಂತ ಹೆಂಗಸರು ಈಗ ನಗುತ್ತಾರೆ ಎಂದು ತಲೆ ತಗ್ಗಿಸಿ ಕಾದಳು.

ಯಾರೂ ನಗಲಿಲ್ಲ. ತಿರುಗಿ ನೋಡಿದರೆ, ಸಾಲಿನಲ್ಲಿ ಮೂರನೆಯವಳು ತನ್ನ ಮಗನ ಟೋಪಿಯೊಳಗಿಂದ ಮೆಲ್ಲಗೆ ಒಂದು ಕಲ್ಲು ತೆಗೆಯುತ್ತಿದ್ದಳು. ಅವಳ ಹಿಂದಿನವಳು ಮಗುವಿನ ಕಾಲುಚೀಲಕ್ಕೆ ಕೈ ಹಾಕಿದ್ದಳು.

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಸರಿ, ಎಲ್ಲರೂ ಇರೋದನ್ನೆಲ್ಲ ಹೊರಗೆ ತೆಗೀರಿ. ನಾನು ಹೋಗಿ ಇನ್ನಷ್ಟು ಮೊಟ್ಟೆ ಬೇಯೋಕೆ ಇಡ್ತೀನಿ."