ತಿಳಿದಷ್ಟು ಕೊಡ್ರಿ

“ನಿಮ್ಮ ಫೀ ಎಷ್ಟ್ರಿ ಮೇಡಂ?”

ಮೇಘಾ ಕೀಬೋರ್ಡಿನ ಮೇಲಿಂದ ಕೈ ತೆಗೆದಳು. ಎದುರಿಗೆ ಕುಳಿತ ಹೆಂಗಸು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸಂತೆಯಲ್ಲಿ ಬದನೆಕಾಯಿಯ ದರ ಕೇಳಿದಷ್ಟು ಸಲೀಸಾಗಿ ಕೇಳಿದ್ದಳು. ಉತ್ತರ ಬಾರದ್ದಕ್ಕೆ ಕೇಳಿಸಿಲ್ಲವೆಂದುಕೊಂಡು ಇನ್ನೊಮ್ಮೆ, ತುಸು ಗಟ್ಟಿಯಾಗಿ ಕೇಳಿದಳು. ಕೇಳಿಸಿತ್ತು. ಆದರೆ ಚಿಕ್ಕೋಡಿಯ ಈ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಜನರ ಆದಾಯ ತೆರಿಗೆಯ ರಿಟರ್ನ್ ತುಂಬುತ್ತ ಕುಳಿತವಳಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿಯೇ ಇಲ್ಲಿರಲಿಲ್ಲ.

ಪದ್ಧತಿ ಮಾವನವರದು. ಹೊರಗಿನ ಗೋಡೆಯ ಮೇಲೆ ‘ನೇಮಿನಾಥ ಮಗದುಮ್, ತೆರಿಗೆ ಸಲಹೆಗಾರರು’ ಎಂಬ ಬೋರ್ಡು ಇತ್ತು. ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತರಾದ ಅವರು, ಫಾರ್ಮುಗಳನ್ನು ಕೈಯಿಂದ ತುಂಬುತ್ತಿದ್ದ ಕಾಲದಲ್ಲಿ ಈ ಕೆಲಸ ಶುರುಮಾಡಿದವರು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಅವರಿಗೆ ಕೈ ಕಟ್ಟಿದ ಹಾಗಾಯಿತು. ಅದೇ ಹೊತ್ತಿಗೆ ನಿಪ್ಪಾಣಿಯ ಆಡಿಟರೊಬ್ಬರ ಆಫೀಸಿನಲ್ಲಿ ನಾಲ್ಕು ವರ್ಷ ಪಳಗಿದ ಎಂ.ಕಾಂ. ಹುಡುಗಿ ಸೊಸೆಯಾಗಿ ಬಂದಳು. “ನಮ್ಮ ಪುಣ್ಯಾ” ಎಂದಳು ಅತ್ತೆ ಜಿನಮತಿ. ಕೆಲಸವೆಲ್ಲ ಸೊಸೆಯ ಕಡೆ ಸರಿಯಿತು, ಬೋರ್ಡು ಮತ್ತು ದೊಡ್ಡ ಕುರ್ಚಿ ಇದ್ದಲ್ಲೇ ಉಳಿದವು.

ಕೆಲಸ ಮುಗಿದು ಗಿರಾಕಿ ಕಿಸೆಗೆ ಕೈ ಹಾಕಿದಾಗ ನೇಮಿನಾಥರು ಮುಖ ಆಚೆ ತಿರುಗಿಸಿ “ತಿಳಿದಷ್ಟು ಕೊಡ್ರಿ” ಎನ್ನುತ್ತಿದ್ದರು. ಜನರಿಗೆ ತಿಳಿಯುವುದಾದರೂ ಎಷ್ಟು? ನೂರು. ಕಬ್ಬಿನ ಬಿಲ್ಲು ಬಂದ ವಾರವಾದರೆ ಇನ್ನೂರು. ಕೆಲವರಿಗೆ ಒಂದು ಪೆಂಟೆ ಬೆಲ್ಲ ತಿಳಿಯುತ್ತಿತ್ತು, ಕೆಲವರಿಗೆ ಅರ್ಧ ಚೀಲ ಹಸಿ ಶೇಂಗಾ. ಇನ್ನು ಕೆಲವರಿಗೆ ಕೈಮುಗಿಯುವುದು ಮಾತ್ರ ತಿಳಿಯುತ್ತಿತ್ತು.

ಊರು ನೇಮಿನಾಥರಿಗೆ ಬೇರೆ ರೀತಿಯಲ್ಲಿ ಸಂದಾಯ ಮಾಡುತ್ತಿತ್ತು. ಬಸದಿಯ ಪಂಚರಲ್ಲಿ ಅವರ ಹೆಸರು ಮೊದಲು. ರಾಯಬಾಗದಿಂದ ಕಾಗವಾಡದವರೆಗೆ ಯಾರ ಮನೆಯ ಮದುವೆಯಾದರೂ ಮುಂದಿನ ಸೋಫಾದಲ್ಲಿ ಜಾಗ. ಮಗದುಮ್ ಅಣ್ಣಾ ಬಾಯಿಬಿಟ್ಟು ಒಂದು ರೂಪಾಯಿ ಕೇಳಿದವರಲ್ಲ ಎಂಬ ಮಾತು ನಾಲ್ಕು ತಾಲೂಕುಗಳಲ್ಲಿ ಓಡಾಡುತ್ತಿತ್ತು. ಮಾತು ನಿಜ, ಮನುಷ್ಯ ಒಳ್ಳೆಯವರೇ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಇಲ್ಲಿ ದುಡ್ಡಿನ ಬದಲು ಸೊಸೆಯ ಕಣ್ಣು, ಸೊಂಟ ಮತ್ತು ರಿಟರ್ನಿನ ಗಡುವಿನ ಜುಲೈ ತಿಂಗಳು ಖರ್ಚಾಗುತ್ತಿದ್ದವು, ಅಷ್ಟೇ.

ಮನೆಯಲ್ಲಿ ಮೇಘಾಳಿಗೆ ಏನು ಕಡಿಮೆ ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇರಲಿಲ್ಲ. ಗಂಡ ಸುಜಯ ಗೊಬ್ಬರದ ಅಂಗಡಿ ನಡೆಸುತ್ತಿದ್ದ, ದನಿ ಎತ್ತಿ ಮಾತಾಡುವವನಲ್ಲ. ಒಂದು ಸೀರೆ ಕೇಳಿದರೆ ಅತ್ತೆ ಎರಡು ಕೊಡಿಸುತ್ತಿದ್ದಳು. ದಿಗ್ಗೇವಾಡಿಯ ತವರಿಗೆ ಹೊರಟಾಗ ಬಸ್ಸಿನ ರೊಕ್ಕವೆಂದು ಕೈಗಿಡುತ್ತಿದ್ದರು. ಹೆಂಗಸರಿಗೆ ಬಸ್ಸು ಫುಕಟ್ ಆದ ಮೇಲೆ ಅದೂ ನಿಂತಿತು, ನಿಂತದ್ದರಲ್ಲಿ ಯಾರ ತಪ್ಪೂ ಇಲ್ಲ. ಎಲ್ಲರೂ ಒಳ್ಳೆಯವರಾಗಿರುವ ಮನೆಯಲ್ಲಿ ಜಗಳ ತೆಗೆಯುವುದಕ್ಕೆ ಒಂದು ಮೂಲೆಯೂ ಸಿಗುವುದಿಲ್ಲ. ಮೂರು ವರ್ಷದ ಹಿಂದೆ ಒಮ್ಮೆ, ದರದ ಒಂದು ಪಟ್ಟಿ ಹಚ್ಚೋಣವೇ ಎಂದು ಮಾವನನ್ನು ಕೇಳಿದ್ದಳು. “ಇದೇನ ಹೊಟೇಲ ಐತೇನವಾ, ಇಡ್ಲಿ ಇಷ್ಟ, ವಡಾ ಇಷ್ಟ ಅಂತ ಬರ್ಯಾಕ?” ಎಂದು ಅವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ನಗೆ ಇವತ್ತಿಗೂ ಬಿಸಿ ತುಪ್ಪದಂತೆ ಗಂಟಲಲ್ಲೇ ಇತ್ತು, ನುಂಗಲೂ ಆಗದೆ ಉಗುಳಲೂ ಆಗದೆ.

ಇವತ್ತು ಮಾವ ಮನೆಯಲ್ಲಿರಲಿಲ್ಲ. ಯಾರದೋ ಹೊಸ ಮನೆಯ ವಾಸ್ತುಶಾಂತಿಗೆಂದು ಮುಗಳಖೋಡಕ್ಕೆ ಹೋಗಿದ್ದರು.

“ಯಾಕ್ರಿ, ಹೇಳಾಕ ಬರಂಗಿಲ್ಲೇನು?” ಎಂದಳು ಹೆಂಗಸು. ಆಕೆ ಉಜ್ವಲಾ, ಕರೋಶಿಯವಳು. ಕುರಿ, ಎಮ್ಮೆ ಸಾಕುವ ಮನೆತನ. ಎಮ್ಮೆಗಳನ್ನು ಗಂಡನಿಗೆ ಬಿಟ್ಟು ತಾನೊಂದು ಪಿಕಪ್ ಗಾಡಿ ಕೊಂಡು, ತಾನೇ ಓಡಿಸಿಕೊಂಡು, ಹಳ್ಳಿಗಳ ಹಾಲನ್ನು ಡೇರಿಗೆ ಮುಟ್ಟಿಸುತ್ತಿದ್ದಳು. ಡೇರಿಯವರು ಬಾಡಿಗೆಯಲ್ಲಿ ತೆರಿಗೆಯೆಂದು ಮುರಿದುಕೊಂಡ ಒಂಬತ್ತು ಸಾವಿರ ಚಿಲ್ಲರೆ ಆಕೆಗೆ ವಾಪಸು ಬರಬೇಕಿತ್ತು. ಎರಡನೆಯ ಗಾಡಿಯ ಸಾಲಕ್ಕೆ ಬ್ಯಾಂಕಿನವರೂ ರಿಟರ್ನ್ ಕೇಳಿದ್ದರು.

“ಮಾವಾರು ಬಂದ ಮ್ಯಾಲ ಮಾತಾಡ್ರಿ,” ಎಂದಳು ಮೇಘಾ. “ನಮ್ಮಲ್ಲಿ ಹಂಗ ಫೀ ಅಂತೇನಿಲ್ರಿ. ತಿಳಿದಷ್ಟು...”

“ಅದೊಂದ ಬ್ಯಾಡ್ರಿ ನನಗ. ಹೋದ ವರ್ಷ ನಮ್ಮ ಮೈದುನ ಒಬ್ಬಾಂವ ಫುಕಟ ಮಾಡಿಕೊಟ್ಟ. ಮನಿ ಮಂದಿ ಕಡೆ ರೊಕ್ಕ ಹೆಂಗ ತಗೊಳ್ಳಿ ಅಂದ. ಏನ ತುಂಬಿದ್ನೋ ಏನೋ, ನೋಟೀಸ ಬಂತು. ಕೇಳಾಕ ಹೋದ್ರ, ಪುಣ್ಯಾಕ ಮಾಡೀನಿ, ಮ್ಯಾಲ ಜವಾಬ ಬ್ಯಾರೆ ಕೇಳ್ತಿ ಅಂದ. ಫುಕಟ ಮಾಡಿಸಿಕೊಂಡ್ರ ಕೇಳಾಕ ಬಾಯಿ ಇರಂಗಿಲ್ರಿ ಮೇಡಂ. ನೀವೊಂದ ರೇಟ ಹೇಳ್ರಿ. ದುಬಾರಿ ಆತಂದ್ರ ಚೌಕಾಶಿ ಮಾಡ್ತೀನಿ. ಪಟ್ಲಿಲ್ಲಂದ್ರ ಬ್ಯಾರೆ ಕಡೆ ಹೋಗ್ತೀನಿ.”

ಈ ಕೋಣೆಗೆ ಬರುವವರೆಲ್ಲ ಮೇಘಾಳನ್ನು ಮನೆಯ ಅತ್ತಿಗೆಯೆಂಬಂತೆ ವೈನಿ ಎನ್ನುತ್ತಿದ್ದರು. ಮೇಡಂ ಎನ್ನಿಸಿಕೊಂಡದ್ದು ನಿಪ್ಪಾಣಿಯಲ್ಲೇ ಕೊನೆ.

“ಎರಡ ಸಾವಿರ,” ಎಂದಳು. ಹೇಳಿದ ಮೇಲೆ, ಯಾರದೋ ಹೊಲದ ಮೆಣಸಿನಕಾಯಿ ಕಿತ್ತವಳಂತೆ ಬಾಗಿಲ ಕಡೆ ನೋಡಿದಳು. ನಿಪ್ಪಾಣಿಯ ಆಡಿಟರು ಇಂಥ ಕೆಲಸಕ್ಕೆ ಮೂರು ಸಾವಿರ ತೆಗೆದುಕೊಳ್ಳುತ್ತಿದ್ದರು.

“ಎರಡ ಸಾವಿರಕ್ಕ ಏನೇನ ಬರ್ತೈತ್ರಿ?”

ತಾನು ಮಾಡುವ ಕೆಲಸವನ್ನು ಮೇಘಾ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಡೇರಿ ಮುರಿದುಕೊಂಡದ್ದು ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗಿದೆಯೋ ಇಲ್ಲವೋ ನೋಡುತ್ತೇನೆ, ಹೋದ ವರ್ಷದ ನೋಟೀಸಿಗೆ ಉತ್ತರ ಬರೆಯುತ್ತೇನೆ, ಏನು ತುಂಬಿದೆನೆಂದು ತೋರಿಸಿಯೇ ಕಳಿಸುತ್ತೇನೆ, ಮುಂದೆ ಏನಾದರೂ ಬಂದರೆ ನಾನೇ ನೋಡುತ್ತೇನೆ. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. “ಇನ್ನೊಂದು. ನನ್ನ ಹೆಸರಿನ್ಯಾಗ ಹತ್ತ ಗಾಡಿಗಿಂತ ಹೆಚ್ಚ ಇಲ್ಲ ಅಂತ ಪ್ಯಾನ್ ನಂಬರ ಹಾಕಿ ಡೇರಿಗೆ ಒಂದ ಬರದುಕೊಡ್ರಿ. ಮುಂದ ಅವರು ತೆರಿಗಿ ಮುರ್ಕೊಳ್ಳೂದ ಇಲ್ಲ.”

ಉಜ್ವಲಾ ಚೀಲವನ್ನು ತೊಡೆಯಿಂದ ಮೇಜಿಗೆ ಎತ್ತಿಟ್ಟಳು. “ಇದನ್ನ ಯಾರೂ ಹೇಳಿರ್ಲಿಲ್ಲ ನೋಡ್ರಿ. ಹದಿನೆಂಟ ನೂರು ಮಾಡ್ರಿ?”

“ಇಲ್ರಿ. ಎರಡ.”

“ಆತ್ರಿ, ಎರಡಂದ್ರ ಎರಡ. ಶುಕ್ರವಾರ ಬರ್ತೀನಿ. ನಾ ನೋಡಿ ರೊಕ್ಕ ಕೊಟ್ಟ ಮ್ಯಾಲ ಕಳಸ್ರಿ. ನಮ್ಮ ಡೇರಿಗೆ ಇನ್ನೂ ನಾಕ ಗಾಡಿ ಹೊಡಿತಾವು. ಅವರನ್ನೂ ನಿಮ್ಮ ಕಡೆನ ಹಚ್ಚತೀನಿ.”

ಆ ಎರಡು ದಿನ ಮೇಘಾ ಅಡುಗೆಮನೆಯಲ್ಲೂ ತುಸು ಬೇರೆ ಥರ ನಡೆದಾಡಿದಳು. ನಾಲ್ಕುನೂರು ಜನರ ಆದಾಯ ಬರೆಯುವವಳಿಗೆ ತನ್ನದೆಂದು ಬರೆದುಕೊಳ್ಳಲು ಒಂದು ಅಂಕಿ ಇರಲಿಲ್ಲ, ಈಗ ಒಂದು ಬರುವುದಿತ್ತು. ಆ ಎರಡು ಸಾವಿರದಿಂದ ಏನು ಮಾಡಬೇಕೆಂದು ಆಕೆ ಯೋಚಿಸಲೇ ಇಲ್ಲ. ಅದು ತಾನು ಹೇಳಿದ ದರ, ಅದಕ್ಕೆ ಒಬ್ಬರು ಹೂಂ ಅಂದಿದ್ದಾರೆ, ಅಷ್ಟೇ ಸಾಕಾಗಿತ್ತು. ಗಂಡನಿಗೆ ಹೇಳಿದಾಗ ಅವನು, “ಛಲೋ ಆತಲ್ಲ. ಅಪ್ಪಾಗ ಒಂದ ಮಾತ ಹೇಳಿಬಿಡು,” ಎಂದ. ಗುರುವಾರ ಊಟಕ್ಕೆ ಬಡಿಸುವಾಗ ಹೇಳಬೇಕೆಂದುಕೊಂಡಳು. ಮಾವ ಮುಗಳಖೋಡದ ಹೊಸ ಮನೆಯ ಟೈಲ್ಸಿನ ಬಗ್ಗೆ ಮಾತಾಡುತ್ತಿದ್ದರು, ಆ ಮಾತು ಮುಗಿಯಲೇ ಇಲ್ಲ.

ಶುಕ್ರವಾರ ನೇಮಿನಾಥರು ದೊಡ್ಡ ಕುರ್ಚಿಯಲ್ಲಿದ್ದರು. ತಂಬಾಕಿನ ವ್ಯಾಪಾರಿ ಬಾಪುಸಾಹೇಬ ಮತ್ತು ರಿಟೈರ್ ಆದ ತುಕಾರಾಮ ಮಾಸ್ತರು ಫೈಲು ಹಿಡಿದು ಎದುರಿಗೆ ಕುಳಿತಿದ್ದರು. ಉಜ್ವಲಾ ಬಂದವಳೇ ಎಲ್ಲರಿಗೂ ಒಂದು ನಮಸ್ಕಾರ ಹಾಕಿ ನೆಟ್ಟಗೆ ಮೇಘಾಳ ಮೇಜಿನ ಹತ್ತಿರ ಹೋದಳು. ಮೇಘಾ ಪರದೆಯನ್ನು ಆಕೆಯ ಕಡೆ ತಿರುಗಿಸಿ ಒಂದೊಂದೇ ಸಾಲು ತೋರಿಸಿದಳು. ಉಜ್ವಲಾ ಡೀಸೆಲ್ ಖರ್ಚಿನ ಬಗ್ಗೆ ಎರಡು ಪ್ರಶ್ನೆ ಕೇಳಿದಳು, ಉತ್ತರ ಸರಿಯೆನ್ನಿಸಿದ ಮೇಲೆ ಐನೂರರ ನಾಲ್ಕು ನೋಟು ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು.

“ತಗೋರಿ ಮೇಡಂ. ಇನ್ನ ಕಳಸ್ರಿ.”

ನೇಮಿನಾಥರು ಆಗ ಈ ಕಡೆ ತಿರುಗಿದರು. “ಯಾ ಊರವಾ ನಿಂದು?”

“ಕರೋಶಿರಿ.”

“ಯಾರ ಪೈಕಿ?”

“ಕುರಿ ಭೀಮಸಿ ಮಗಳರಿ.”

ನೇಮಿನಾಥರ ಮುಖ ಅರಳಿತು. “ಭೀಮಸಿ ಮಗಳಾ ನೀ? ನಿಮ್ಮಪ್ಪ ವರ್ಷಾ ನಮ್ಮ ಹೊಲದಾಗ ಕುರಿ ನಿಲ್ಲಸ್ತಿದ್ದ. ಅಂವನ ಕುರಿ ಗೊಬ್ಬರದ ಮ್ಯಾಲ ನಮ್ಮ ಜೋಳಾ ಬೆಳದದ್ದು.” ಅವರು ಎದ್ದು ಬಂದು ನೋಟುಗಳನ್ನು ಎತ್ತಿ ಆಕೆಯ ಕೈಗೆ ತುರುಕಿದರು. “ಭೀಮಸಿ ಮಗಳ ಕಡೆ ರೊಕ್ಕ ತಗೊಂಡ್ರ ನನಗ ಉಂಡದ್ದು ಮೈಗೆ ಹತ್ತತೈತೇನು? ಇಟ್ಕೊ.”

ಬಾಪುಸಾಹೇಬ ಮಾಸ್ತರರ ಕಡೆ ನೋಡಿ, ನೋಡಿದ್ರ್ಯಾ ಎನ್ನುವಂತೆ ತಲೆಯಾಡಿಸಿದ.

“ಇದು ನಿಮಗಲ್ರಿ ಅಣ್ಣಾರ,” ಎಂದಳು ಉಜ್ವಲಾ. “ಮೇಡಂ ಅವರ ಫೀ. ಮೊದಲ ಮಾತಾಡೇವಿ.”

ಮಾವ ಸಿಟ್ಟಾಗಿದ್ದರೆ ಮೇಘಾಳಿಗೂ ಒಂದು ಉತ್ತರ ಸಿಗುತ್ತಿತ್ತೋ ಏನೋ. ಅವರು ಸಿಟ್ಟಾಗಲಿಲ್ಲ. ಮನಸಾರೆ ನಕ್ಕರು.

“ಮೇಡಂ ಅಂದ್ರ ಯಾರು, ನಮ್ಮ ಮೇಘಾನ? ಆಕಿ ಬ್ಯಾರೆ, ನಾ ಬ್ಯಾರೇನು? ಬೇಕಾದ್ರ ಆಕೀನ್ನ ಕೇಳು. ಮೇಘಾ, ನೀನ ಹೇಳವಾ, ತಗೊಳ್ಳೋಣೇನು ಭೀಮಸಿ ಮಗಳ ರೊಕ್ಕಾ?”

ಮೂವರು ಗಂಡಸರು ಮತ್ತು ಒಬ್ಬ ಹೆಂಗಸು ಅವಳ ಬಾಯಿಯ ಕಡೆ ನೋಡಿದರು. ತಗೊಳ್ಳೋಣ ಎನ್ನಲು ಎರಡು ಉಸಿರು ಸಾಕಿತ್ತು. ಆದರೆ ಆ ಮಾತು ಆಡಿದರೆ ಸಂಜೆಯೊಳಗೆ ಊರಲ್ಲಿ ಓಡಾಡುವ ಮಾತು ಬೇರೆಯಾಗುತ್ತದೆ. ಮಗದುಮ್ ಅಣ್ಣಾ ಬೇಡವೆಂದರೂ ಸೊಸೆ ಕೈ ಒಡ್ಡಿದಳು ಎಂದಾಗುತ್ತದೆ. ನಗುನಗುತ್ತ ನಿಂತ ಎಪ್ಪತ್ತೆರಡರ ಮನುಷ್ಯನ ಮುಖ ಮಂದಿಯ ಮುಂದೆ ಸಣ್ಣದಾಗುತ್ತದೆ. ಅತ್ತ ದರಿ, ಇತ್ತ ಪುಲಿ.

“ಬ್ಯಾಡ ಬಿಡ್ರಿ,” ಎಂದಳು ಮೇಘಾ.

ಉಜ್ವಲಾ ಆಕೆಯನ್ನೇ ನೋಡಿದಳು. “ನೀವ ಬ್ಯಾಡ ಅಂತೀರಿ?”

“ಬ್ಯಾಡ್ರಿ.” ಎರಡನೆಯ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ಅದಕ್ಕೇ ಆಕೆಗೆ ತನ್ನ ಮೇಲೆ ಹೇಸಿಗೆಯಾಯಿತು.

“ಹಂಗಾದ್ರ ನನ್ನ ಕಾಗದ ಕೊಟ್ಟಬಿಡ್ರಿ.”

“ಯಾಕವಾ?” ನೇಮಿನಾಥರಿಗೆ ನಿಜವಾಗಿಯೂ ತಿಳಿಯಲಿಲ್ಲ. “ಕೆಲಸ ಮುಗದೈತಿ. ಆಕಿ ಒಂದ ಬಟನ್ ಒತ್ತಿದ್ರ ಆತು.”

“ನಿಮ್ಮ ದೊಡ್ಡತನ ದೊಡ್ಡದೈತ್ರಿ ಅಣ್ಣಾರ. ನಾ ರೊಕ್ಕ ಕೊಟ್ಟ ಮಾಡಸ್ತೀನಿ.” ಆಕೆ ಕಾಗದಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮೇಘಾಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, “ನಿಮ್ಮ ಮ್ಯಾಲ ಸಿಟ್ಟಿಲ್ರಿ. ನಾಕ ಗಾಡಿಯವರಿಗೆ ಮಾತ್ರ ಬ್ಯಾರೆ ಕಡೆ ಹೇಳ್ತೀನಿ,” ಎಂದು ಹೋದಳು. ಹೊರಗೆ ಪಿಕಪ್ಪು ಚಾಲೂ ಆಗಿ, ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡು, ಸದ್ದು ಓಣಿ ದಾಟಿತು. ಮೇಘಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ತುಂಬಿಟ್ಟಿದ್ದ ರಿಟರ್ನನ್ನು ಕಳಿಸದೆ ಮುಚ್ಚಿದಳು.

“ಈಗಿನ ಮಂದಿಗೆ ಪುಣ್ಯಾ ಮಾಡೂದೂ ಬ್ಯಾಡಾಗೇತಿ ನೋಡ್ರಿ,” ಎಂದ ಬಾಪುಸಾಹೇಬ.

ನೇಮಿನಾಥರು ಸೊಸೆಯ ಮುಖ ನೋಡಿದರು. ಒಂಬತ್ತು ವರ್ಷದಲ್ಲಿ ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಅವರಿಗೆ ಏನೋ ಹೊಳೆಯಿತು, ಹೊಳೆದದ್ದು ಅವರಿಗೆ ಹೊಳೆಯಬಹುದಾದಷ್ಟೇ.

“ನಿನಗ ರೊಕ್ಕ ಬೇಕಾಗಿತ್ತೇನವಾ?” ದನಿಯಲ್ಲಿ ಸುಳ್ಳು ಇರಲಿಲ್ಲ, ಮಗಳನ್ನು ಕೇಳಿದಂತೆಯೇ ಕೇಳಿದರು. “ನನಗೊಂದ ಮಾತ ಹೇಳೂದಲ್ಲ? ಎಷ್ಟಂದಿದ್ದಿ ಆಕಿಗೆ? ಎರಡ ಸಾವಿರಾ?” ಅಂಗಿಯ ಒಳಕಿಸೆಗೆ ಕೈ ಹಾಕಿ ಐನೂರರ ನಾಲ್ಕು ನೋಟು ಎಣಿಸಿ ತೆಗೆದರು. “ತಗೊ. ನಿನಗ ತಿಳದಂಗ ಖರ್ಚ ಮಾಡು. ನಾ ಏನೂ ಕೇಳಂಗಿಲ್ಲ.”

“ಇಂಥಾ ಮಾವ ಸಿಗಾಕ ಪಡಕೊಂಡ ಬಂದಿರಬೇಕ ವೈನೀರ,” ಎಂದರು ತುಕಾರಾಮ ಮಾಸ್ತರು. ಅವರ ಕಣ್ಣು ತುಸು ಒದ್ದೆಯೂ ಆಗಿತ್ತು.

ಮೇಘಾ ಎದ್ದು ನಿಂತಳು. ಹಿರಿಯರು ಕೈಯೆತ್ತಿ ಕೊಟ್ಟದ್ದನ್ನು ಸುಮ್ಮನೆ ಇಸಿದುಕೊಳ್ಳುವ ರೂಢಿ ಆ ಮನೆಯಲ್ಲಿರಲಿಲ್ಲ. ಆಕೆ ಎರಡೂ ಕೈ ಒಡ್ಡಿ ನೋಟು ತೆಗೆದುಕೊಂಡು, ಸೆರಗು ಸರಿಮಾಡಿಕೊಂಡಳು. ಕೋಣೆ ಸಣ್ಣದು. ಆಕೆ ಬಗ್ಗಿ ಮಾವನ ಕಾಲು ಮುಟ್ಟಲು ಜಾಗವಾಗಲೆಂದು ಬಾಪುಸಾಹೇಬ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ.