ರೈಲೋ ಬಸ್ಸೋ ಎನ್ನುತ್ತಿದ್ದವರು

ನಾನು ಅವರನ್ನು ಮೊದಲು ಕಂಡದ್ದು ಕತ್ತಲೆ ಕೋಣೆಯಲ್ಲಿ. ಕಂಡೆ ಎನ್ನುವುದಕ್ಕಿಂತ ಕೇಳಿದೆ ಎನ್ನುವುದೇ ಸರಿ. ಹಾಜರಿ ಕರೆಯುವಾಗ ಹುಡುಗರ ಹೆಸರುಗಳು ಒಂದರ ಮೇಲೊಂದು ಹತ್ತಿ ಕೂರತೊಡಗಿದ್ದರಿಂದ ನಮ್ಮ ಬೀದಿಯ ಕನ್ನಡಕದ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ನನ್ನ ಮೂಗಿನ ಮೇಲೆ ಭಾರವಾದ ಚೌಕಟ್ಟೊಂದನ್ನು ಕೂರಿಸಿ, ದೀಪ ಆರಿಸಿ, ಎದುರಿನ ಬೆಳಗುವ ಹಲಗೆಯ ಕಡೆ ನನ್ನ ಗಲ್ಲ ತಿರುಗಿಸಿ, ಒಂದು ಗಾಜು ಹಾಕುತ್ತ ಇನ್ನೊಂದು ತೆಗೆಯುತ್ತ ಕೇಳತೊಡಗಿದರು: "ಇದು ಚೆನ್ನಾಗಿದೆಯೋ, ಇದೋ?"

ಸ್ವಲ್ಪ ಹೊತ್ತಿಗೆ ನನಗೆ ಬೇಸರ ಬಂತು. "ಎರಡೂ ಒಂದೇ ಥರ ಕಾಣ್ತವಲ್ಲ" ಎಂದೆ.

"ಹಾಗನ್ನಬಾರದು ಮೇಷ್ಟ್ರೇ. ಒಂದೇ ಥರದ್ದು ಎರಡು ಇರೋದೇ ಇಲ್ಲ. ಯಾವುದಾದರೂ ಒಂದನ್ನ ಹೇಳಲೇಬೇಕು."

ಆ ದನಿಯಲ್ಲಿದ್ದ ನಿಷ್ಠುರತೆಗೆ ಹೆದರಿ ಒಂದನ್ನು ಹೇಳಿದೆ. ದೀಪ ಹತ್ತಿದಾಗ ನೋಡುತ್ತೇನೆ, ಎದುರಿಗೆ ನಿಂತಿದ್ದವರು ಸಣಕಲು ಮೈಯ, ಮೆತ್ತನೆಯ ಮುಖದ ಮನುಷ್ಯ. ನನ್ನ ಮುಖಕ್ಕೆ ಕಪ್ಪು ಚೌಕಟ್ಟು ಒಪ್ಪುತ್ತದೆಯೋ ಕಂದು ಒಪ್ಪುತ್ತದೆಯೋ ಎಂದು ತೀರ್ಮಾನಿಸಲಾರದೆ ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗುತ್ತಿದ್ದಾರೆ. ಕೊನೆಗೆ ಒಳಗಿನಿಂದ ಹೆಂಡತಿ ಬಂದು ನನ್ನ ಮುಖವನ್ನು ಒಮ್ಮೆ ನೋಡಿ, "ಕಪ್ಪು" ಎಂದು ಹೇಳಿ ಹೋದರು.

ಊರಿನವರನ್ನೆಲ್ಲ ದಿನವಿಡೀ ಆರಿಸಿ ಆರಿಸಿ ಎಂದು ಪೀಡಿಸುತ್ತಿದ್ದ ಈ ಮನುಷ್ಯನಿಗೆ ತಾನು ಮಾತ್ರ ಏನನ್ನೂ ಆರಿಸಲಾಗುತ್ತಿರಲಿಲ್ಲ. ಅವರ ನಡಿಗೆಯೇ ಹಾಗೆ. ನಾಲ್ಕು ಹೆಜ್ಜೆ ಹಾಕಿ ನಿಲ್ಲುವರು, ಹಿಂದಿರುಗಿ ನೋಡುವರು, ರಸ್ತೆಯ ಆಚೆ ಬದಿ ವಾಸಿಯೇನೋ ಎಂದು ದಾಟುವರು, ದಾಟಿದ ಮೇಲೆ ಈಚೆ ಬದಿಯ ನೆರಳನ್ನು ಕಂಡು ನಿಟ್ಟುಸಿರು ಬಿಡುವರು. ನಮ್ಮ ಬೀದಿಯಲ್ಲಿ ಎದುರುಬದುರಾಗಿ ಎರಡು ಕ್ಷೌರದಂಗಡಿಗಳಿದ್ದವು. ಒಮ್ಮೆ ಅವರು ಯಾವುದಕ್ಕೆ ಹೋದರೆ ಯಾರಿಗೆ ಬೇಸರವಾದೀತು ಎಂದು ನಡುಬೀದಿಯಲ್ಲಿ ಯೋಚಿಸುತ್ತ ನಿಂತಿರುವಾಗಲೇ ಎರಡೂ ಅಂಗಡಿಯವರು ಬಾಗಿಲು ಹಾಕಿಕೊಂಡು ಊಟಕ್ಕೆ ಹೋದರಂತೆ. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ: "ಅದೂ ಸರಿಯೇ ಅನ್ನಿ." ಬೀದಿಯ ಜಗಳಗಳಲ್ಲಿ ಅವರನ್ನು ಸಾಕ್ಷಿಗೆ ಕರೆಯುವುದನ್ನು ಜನ ಎಂದೋ ಬಿಟ್ಟಿದ್ದರು.

ಪ್ರಯಾಣವೆಂದರೆ ಈ ಕಾಯಿಲೆ ಉಲ್ಬಣಿಸುತ್ತಿತ್ತು. ರೈಲಿಗೂ ಜಾಗ ಕಾದಿರಿಸುವರು, ಬಸ್ಸಿಗೂ ಕಾದಿರಿಸುವರು, ಹೊರಡುವ ದಿನ ಎರಡರಲ್ಲೊಂದನ್ನು ಕೈಬಿಡುವರು. ಇದರಿಂದಲೇ ಅವರಿಗೆ ಬೀದಿಯಲ್ಲಿ 'ಜೋಡಿ ಟಿಕೆಟ್ಟು' ಎಂಬ ಹೆಸರು ಬಿದ್ದದ್ದು. ಪ್ರಯಾಣಕ್ಕೆಂದೇ ಇಟ್ಟಿದ್ದ ಕಂದು ಬಣ್ಣದ ಕೋಟೊಂದಿತ್ತು. ಮೊಣಕೈ ಸವೆದಿದ್ದರೂ ಇಸ್ತ್ರಿ ತಪ್ಪಿದ್ದಿಲ್ಲ. ಆ ಕೋಟು ಮೈಮೇಲೆ ಬಂದಿತೆಂದರೆ ಎಲ್ಲಿಗೋ ಹೊರಟಿದ್ದಾರೆ ಎಂದು ಅರ್ಥ.

ನಾನು ಹೇಳಹೊರಟ ವಾರದಲ್ಲಿ ಆ ಕೋಟು ಸೋಮವಾರದಿಂದಲೇ ಮೈಮೇಲಿತ್ತು. ಹೊರಡಬೇಕಾದದ್ದು ಶುಕ್ರವಾರ.

ಅವರಿಗೊಬ್ಬ ತಂಗಿ, ಮನೆಯಲ್ಲಿ ಎಲ್ಲರ ಬಾಯಲ್ಲೂ 'ಪುಟ್ಟಿ'. ದೊಡ್ಡ ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆ ಬೇಡವೆಂದು ನಲವತ್ತು ದಾಟಿದವಳು, ಆಸ್ಪತ್ರೆಯ ಲಿಫ್ಟುಗಳನ್ನು ರಿಪೇರಿ ಮಾಡಲು ಬರುತ್ತಿದ್ದ, ತನಗಿಂತ ಕಿರಿಯನಾದ ಒಬ್ಬನನ್ನು ಮದುವೆಯಾಗುವುದಾಗಿ ಒಂದು ದಿನ ಫೋನಿನಲ್ಲಿ ತಿಳಿಸಿದಳು. ಶನಿವಾರ ಮಧ್ಯಾಹ್ನ ನೋಂದಣಿ ಕಚೇರಿಯಲ್ಲಿ ಸಹಿ, ಭಾನುವಾರ ಗೆಳೆಯರಿಗೆ ಊಟ. "ಅಣ್ಣಾ, ಬೇರೆ ಯಾರೂ ಬರೋದು ಬೇಡ. ನೀನೊಬ್ಬ ಬಂದು ಪಕ್ಕದಲ್ಲಿ ನಿಂತ್ಕೋ, ಸಾಕು" ಎಂದಳಂತೆ. ಅಣ್ಣ ಬರುತ್ತೇನೆಂದು ಮಾತು ಕೊಟ್ಟರು.

ಕೊಟ್ಟ ಮರುದಿನವೇ ಅಂಗಡಿಗೆ ಚಿಕ್ಕಪ್ಪ ಬಂದರು. ಈ ಚಿಕ್ಕಪ್ಪ ಸಾಮಾನ್ಯರಲ್ಲ. ಅಣ್ಣ ತಂಗಿ ಇಬ್ಬರೂ ಚಿಕ್ಕವರಿರುವಾಗಲೇ ತಂದೆ ತೀರಿಕೊಂಡಾಗ ಅವರನ್ನು ಸಾಕಿದವರು. ಗಾಜು ಉಜ್ಜುವುದನ್ನು ಕೈಹಿಡಿದು ಕಲಿಸಿ, ತಾವೇ ಕಟ್ಟಿ ಬೆಳೆಸಿದ ಅಂಗಡಿಯನ್ನು ನಮ್ಮ ಕನ್ನಡಕದವರಿಗೆ ಬಿಟ್ಟುಕೊಟ್ಟವರು. ಆ ದಿನ ನಾನು ಅಂಗಡಿಯ ಬೆಂಚಿನ ಮೇಲಿದ್ದೆ. ಮುದುಕರು ಕೂರಲಿಲ್ಲ.

"ಮೇಲೆ ಕೆಳಗೆ ಹೋಗೋ ಪೆಟ್ಟಿಗೆ ರಿಪೇರಿ ಮಾಡೋನು. ಅದೂ ಇವಳಿಗಿಂತ ಚಿಕ್ಕೋನು. ನನ್ನನ್ನ ಒಂದು ಮಾತು ಕೇಳಿದ್ಲಾ ಅವಳು? ಆ ಮದುವೆಗೆ ಹೋದೋರು ಮತ್ತೆ ನನ್ನ ಮನೆ ಹೊಸ್ತಿಲು ತುಳೀಬೇಕಾಗಿಲ್ಲ. ಹೇಳಿದ್ದೀನಿ."

ನಮ್ಮ ಕನ್ನಡಕದವರ ಬಾಯಿಂದ ಅಭ್ಯಾಸಬಲದಿಂದ "ಅದೂ ಸರಿ..." ಎಂದು ಹೊರಟು ಅಲ್ಲೇ ನಿಂತುಹೋಯಿತು.

ಅಂದಿನಿಂದ ಶುರುವಾಯಿತು ನೋಡಿ ರೈಲು-ಬಸ್ಸಿನ ಪುರಾಣ. ಬೆಳಿಗ್ಗೆ ನಮ್ಮ ಮನೆಗೆ ಬಂದು, "ರೈಲಾದರೆ ಕಾಲು ಚಾಚಬಹುದು ಮೇಷ್ಟ್ರೇ" ಎನ್ನುವರು. ಸಂಜೆಗೆ ಬಂದು, "ಬಸ್ಸಾದರೆ ಅವಳ ಮನೆ ಹತ್ತಿರವೇ ಇಳಿಸ್ತಾನೆ" ಎನ್ನುವರು. ನಡುವೆ ಗಿರಾಕಿಗಳನ್ನೂ ಬಿಡಲಿಲ್ಲ. ಕಣ್ಣು ಪರೀಕ್ಷೆಗೆ ಬಂದ ಪಾಪದ ಹೆಂಗಸೊಬ್ಬರು ಕತ್ತಲೆಯಲ್ಲಿ ಕೂತು, ರೈಲಿನಲ್ಲಿ ತಿಗಣೆ ಇರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಅಂಗಡಿಯೊಳಗೆ ಕೋಟು ತೊಟ್ಟು ಅತ್ತಿಂದಿತ್ತ ಓಡಾಡುವ ಅವರನ್ನು ನೋಡಿದರೆ ನಮಗೇ ಕಾಲು ಸೋತಂತಾಗುತ್ತಿತ್ತು. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು ಕಿಟಕಿಯ ಬಳಿ ಹೋಗುವರಂತೆ. ಗುರುವಾರ ಅವರ ಹೆಂಡತಿಗೆ ತಡೆಯಲಾಗಲಿಲ್ಲ. ನನ್ನ ಎದುರಿಗೇ ಹೇಳಿದರು:

"ಮೇಷ್ಟ್ರೇ, ಇವರು ಕೇಳ್ತಿರೋದು ರೈಲೋ ಬಸ್ಸೋ ಅಂತಲ್ಲ. ಹೋಗಲೋ ಬೇಡವೋ ಅಂತ. ಅದನ್ನ ಬಾಯಿಬಿಟ್ಟು ಕೇಳೋಕೆ ಹೆದರಿಕೆ, ಅದಕ್ಕೆ ಚಕ್ರ ಕಟ್ಟಿ ಓಡಿಸ್ತಿದ್ದಾರೆ."

ಅವರು ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಕಿಟಕಿ ಪಕ್ಕದ ಸೀಟು ಸಿಕ್ಕಿದೆ" ಎಂದರು.

ಶುಕ್ರವಾರ ಮಧ್ಯಾಹ್ನದ ರೈಲಿಗೆ ಅವರನ್ನು ಕಳಿಸಿಕೊಡಲು ನಾನೇ ಹೋದೆ. ಡಬ್ಬಿ ಹತ್ತಿ ಕಿಟಕಿಯ ಪಕ್ಕ ಕೂತರು. ನನಗೆ ನೆಮ್ಮದಿಯಾಯಿತು. ಆದರೆ ರೈಲು ಶಿಳ್ಳೆ ಹಾಕಿದೊಡನೆ ಅವರು ಎದ್ದು ನಿಂತರು. ಚೀಲ ಎತ್ತಿಕೊಂಡವರೇ ಧಡಧಡನೆ ಇಳಿದುಬಿಟ್ಟರು. "ಬಸ್ಸು ಸಂಜೆಗೆ ಅಲ್ಲವಾ? ಇನ್ನೊಂದು ಸ್ವಲ್ಪ ಹೊತ್ತು ಯೋಚನೆ ಮಾಡಬಹುದು" ಎಂದು ಅವರು ನನಗೆ ವಿವರಿಸುತ್ತಿರುವಂತೆಯೇ ಅವರ ಕಿಟಕಿ ನಮ್ಮ ಮುಂದೆಯೇ ಹಾದುಹೋಯಿತು. ಆ ಸಂಜೆಯವರೆಗೆ ಪೇಟೆಯ ರಸ್ತೆಗಳಲ್ಲಿ ನನ್ನನ್ನು ಅಲೆದಾಡಿಸಿದರು. ಒಂದು ಕಡೆ ಚಹಾ ಹೇಳಿ, ಬರುವ ಮುಂಚೆಯೇ ಎದ್ದರು. ಚಿಕ್ಕಪ್ಪನ ಮನೆಯ ತಿರುವಿನ ತನಕ ಹೋಗಿ ಹಿಂದಿರುಗಿದರು. ಮಾತು ಮಾತ್ರ ಬಸ್ಸಿನ ಸ್ಪ್ರಿಂಗಿನದು.

ಬಸ್‌ಸ್ಟ್ಯಾಂಡಿಗೆ ಬಂದು ಬಸ್ಸು ಹತ್ತಿದರೆ, ಅವರ ಸೀಟಿನಲ್ಲಿ ಮಡಿಲಲ್ಲಿ ಚೀಲವಿಟ್ಟುಕೊಂಡು ಅವರ ಹೆಂಡತಿ ಕೂತಿದ್ದಾರೆ!

"ಇದೇನೇ ಇದು?"

"ನನ್ನ ನಾದಿನಿ ಮದುವೆ. ಹೋಗ್ತಿದ್ದೀನಿ. ನೀವು ಎಲ್ಲಿಗೆ ಹೊರಟಿರಿ?"

"ನಾನು... ರೈಲಲ್ಲಿ..."

"ನೀವು ರೈಲಲ್ಲೂ ಹೋಗಲ್ಲ, ಬಸ್ಸಲ್ಲೂ ಹೋಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಈ ಸೀಟು ದಂಡ ಆಗಬಾರದು ಅಂತ ಬಂದೆ. ಅವಳ ಪಕ್ಕ ಯಾರಾದರೂ ಒಬ್ಬರು ನಿಲ್ಲಬೇಕಲ್ಲ?"

ಬಸ್ಸು ತುಂಬಿತ್ತು. ಇವರು ಮೆಟ್ಟಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತರು. ಕಂಡಕ್ಟರ್ ಶಿಳ್ಳೆ ತೆಗೆದು, "ಹತ್ತೋದಾದರೆ ಹತ್ತಿ, ನಿಂತ್ಕೊಂಡೇ ಬರಬೇಕು. ಇಳಿಯೋದಾದರೆ ಇಳೀರಿ. ಬಾಗಿಲು ಮಾತ್ರ ಬಿಡಿ ಸಾರ್, ಅದು ನಿಮ್ಮ ಮನೇದಲ್ಲ" ಎಂದ. ಒಳಗೆ ಯಾರೋ ನಕ್ಕರು. ಅವರು ಇಳಿದರು. ಹೆಂಡತಿ ತಿರುಗಿ ನೋಡಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಮನೆಯ ಬಾಗಿಲು ಬಡಿದ ಸದ್ದು. ತೆಗೆದರೆ ಕೋಟು ತೊಟ್ಟು ನಿಂತಿದ್ದಾರೆ. ನಿದ್ದೆಯಿಲ್ಲದ ಕಣ್ಣು, ಬಾಚದ ತಲೆ.

"ಮೇಷ್ಟ್ರೇ, ಏನಾದರೂ ಸರಿ. ಚಕ್ರ ಇದ್ದರೆ ಸಾಕು. ಒಬ್ಬನೇ ಹೋದರೆ ಮತ್ತೆ ಇಳಿದುಬಿಡ್ತೀನಿ. ನೀವು ಬನ್ನಿ."

ನಾನು ಚಪ್ಪಲಿ ಮೆಟ್ಟಿ ಹೊರಟೆ. ಹೆದ್ದಾರಿಯಲ್ಲಿ ಕೈ ಅಡ್ಡ ಹಾಕಿದಾಗ ಮೊದಲು ನಿಂತದ್ದು ಪ್ಲಾಸ್ಟಿಕ್ ಕುರ್ಚಿಗಳನ್ನು ಹೇರಿಕೊಂಡು ನಗರಕ್ಕೆ ಹೊರಟಿದ್ದ ಒಂದು ಲಾರಿ. ಚಾಲಕ ಹಸನ್ಮುಖಿ. "ಹಿಂದೆ ಬೇಕಾದಷ್ಟು ಕುರ್ಚಿ ಇದೆ, ಮುಂದೆ ಒಂದೇ ಬೆಂಚು. ಎಲ್ಲಿ ಕೂತ್ಕೋತೀರಿ?" ಎಂದು ಕೇಳಿದ.

"ಅವರನ್ನ ಕೇಳಬೇಡಪ್ಪ, ದಮ್ಮಯ್ಯ!" ಎಂದು ನಾನು ಅವರನ್ನು ಮುಂದಿನ ಬೆಂಚಿಗೆ ತಳ್ಳಿ ಹತ್ತಿದೆ.

ಅರ್ಧ ದಾರಿಯಲ್ಲಿ ಅವರು ಜೇಬಿನಿಂದ ಫೋನು ತೆಗೆದರು. ಜನ್ಮದಲ್ಲಿ ಎಂದೂ ದನಿ ಎತ್ತಿ ಮಾತನಾಡದ ಆ ಮನುಷ್ಯನಿಗೆ ಆ ಲಾರಿಯ ಗದ್ದಲದಲ್ಲಿ ಕೂಗದೆ ಬೇರೆ ಉಪಾಯವಿರಲಿಲ್ಲ.

"ಚಿಕ್ಕಪ್ಪಾ! ನಾನು! ಪುಟ್ಟಿ ಮದುವೆಗೆ ಹೊರಟಿದ್ದೀನಿ! ಕೇಳಿಸ್ತಾ? ಹೊ-ರ-ಟಿ-ದ್ದೀ-ನಿ!"

ಚಾಲಕ ಬೆಚ್ಚಿ ವೇಗ ಇಳಿಸಿದ. ಫೋನನ್ನು ಅವರು ಸ್ವಲ್ಪ ಹೊತ್ತು ಕಿವಿಗೇ ಒತ್ತಿಕೊಂಡಿದ್ದು ಆಮೇಲೆ ಮಡಿಲಲ್ಲಿಟ್ಟುಕೊಂಡರು.

"ಏನಂದರು?" ಎಂದೆ.

"ಏನೂ ಅನ್ನಲಿಲ್ಲ. ಇಟ್ಟುಬಿಟ್ಟರು." ಆ ವಾರದಲ್ಲಿ ಮೊದಲ ಸಲ ಅವರ ಕಾಲುಗಳು ಸುಮ್ಮನಿದ್ದವು.

ನೋಂದಣಿ ಕಚೇರಿಗೆ ನಾವು ಮುಟ್ಟುವಷ್ಟರಲ್ಲಿ ಸಹಿ ಮುಗಿದಿತ್ತು. ಎಲ್ಲರೂ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು. ಪುಟ್ಟಿಯ ಪಕ್ಕದಲ್ಲಿ, ಅಣ್ಣ ನಿಲ್ಲಬೇಕಾಗಿದ್ದ ಜಾಗದಲ್ಲಿ, ಅತ್ತಿಗೆ. ನಮ್ಮ ಕನ್ನಡಕದವರು ದಾರಿಯುದ್ದಕ್ಕೂ ತಡವಾದದ್ದಕ್ಕೆ ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಅಭ್ಯಾಸ ಮಾಡಿಕೊಂಡಿದ್ದರು: ರೈಲು, ಬಸ್ಸು, ಲಾರಿ, ದಾರಿ, ಎಲ್ಲವೂ. ತಂಗಿ ಅದೊಂದನ್ನೂ ಕೇಳಲಿಲ್ಲ. ಯಾವುದರಲ್ಲಿ ಬಂದೆ ಎನ್ನಲಿಲ್ಲ, ಏಕೆ ತಡ ಎನ್ನಲಿಲ್ಲ. ಇಳಿದು ಬಂದು ಕೋಟಿನ ಮೇಲಿನ ಧೂಳನ್ನು ಅಂಗೈಯಿಂದ ಬಡಿದು ಬಡಿದು ಕೊಡವಿದಳು. ಧೂಳು ಹೋದ ಮೇಲೂ ಬಡಿಯುತ್ತಲೇ ಇದ್ದಳು. ಆಗ ಅವಳ ಗಂಡ ಹಿಂಜರಿಯುತ್ತ ಮುಂದೆ ಬಂದು, "ಭಾವ, ಊಟ ಆಯ್ತಾ?" ಎಂದ.

"ಇಲ್ಲ" ಎಂದರು ನಮ್ಮ ಕನ್ನಡಕದವರು. ಅಷ್ಟು ಖಚಿತವಾದ ಉತ್ತರವನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಚಿಕ್ಕಪ್ಪ ತಮ್ಮ ಮಾತಿಗೆ ತಪ್ಪಲಿಲ್ಲ. ಹೊಸ್ತಿಲು ತುಳಿಯಗೊಡಲಿಲ್ಲ. ಇವರೂ ಜಗ್ಗಲಿಲ್ಲ, ಹೊಸ್ತಿಲು ತಾನೇ ಬೇಡವೆಂದದ್ದು ಎಂದು ಭಾನುವಾರ ಭಾನುವಾರ ಹೋಗಿ ಹೊರಗಿನ ಜಗುಲಿಯ ಮೇಲೆ ಕೂತು ಬರುತ್ತಾರೆ. ಮುದುಕರು ಒಳಗಿನಿಂದ ಮಾತನಾಡುವುದಿಲ್ಲ. ಆದರೆ ಅವರ ಕನ್ನಡಕದ ತಿರುಪು ಈಚೆಗೆ ಪದೇ ಪದೇ ಸಡಿಲವಾಗುತ್ತದೆ. ಸಡಿಲವಾದ ಕನ್ನಡಕ ಭಾನುವಾರವೇ ಜಗುಲಿಗೆ ಬರುತ್ತದೆ, ಬಿಗಿಯಾಗಿ ಒಳಗೆ ಹೋಗುತ್ತದೆ. ಅಷ್ಟು ಸಲ ಸಡಿಲವಾಗುವ ತಿರುಪನ್ನು ತಮ್ಮ ವೃತ್ತಿಯಲ್ಲೇ ನೋಡಿಲ್ಲ ಎನ್ನುತ್ತಾರೆ ನಮ್ಮವರು.

ತೀರ್ಮಾನಿಸಲಾರದವರನ್ನು ನಾವು ದುರ್ಬಲರೆಂದು ಬೇಗ ಹೇಳಿಬಿಡುತ್ತೇವೆ. ನಾನೂ ತರಗತಿಯಲ್ಲಿ ಅಂಥ ಹುಡುಗರನ್ನು ಬೇಗ ಬೇಗ ಹೇಳೋ ಎಂದು ಗದರಿಸುತ್ತಿದ್ದವನೇ. ಅವರಲ್ಲಿ ಕೆಲವರು ನಿಜವಾಗಿ ದುರ್ಬಲರಿರಬಹುದು. ಆದರೆ ಇನ್ನು ಕೆಲವರು, ಒಬ್ಬರನ್ನು ಹಿಡಿದರೆ ಇನ್ನೊಬ್ಬರನ್ನು ಬಿಡಬೇಕಾದೀತೆಂಬ ಭಯದಿಂದಲೇ ನಡುಬೀದಿಯಲ್ಲಿ ನಿಂತವರು. ಬಿಡುವುದು ಸುಲಭವಾದವರಿಗೆ ಆರಿಸುವುದೂ ಸುಲಭ. ಇಂಥವರು ಆರಿಸುವ ದಿನ ಬಂದಾಗ ತಡಮಾಡಿಯೇ ಬರುತ್ತಾರೆ, ಧೂಳು ಹೊತ್ತು ಬರುತ್ತಾರೆ. ಬಂದ ಮೇಲೂ ಬಿಟ್ಟುಬಂದವರ ಕಡೆಗೆ ಇನ್ನೊಂದು ದಾರಿ ಹುಡುಕುತ್ತಲೇ ಇರುತ್ತಾರೆ.

ಈಗ ಅವರಿಗೆ ಹೊಸ ಚಡಪಡಿಕೆ ಹತ್ತಿದೆ. ಚಿಕ್ಕಪ್ಪನನ್ನು ಒಂದು ಶನಿವಾರ-ಭಾನುವಾರದ ಮಟ್ಟಿಗೆ ಪುಟ್ಟಿಯ ಮನೆಗೆ ಕರೆದೊಯ್ಯಬೇಕಂತೆ. ಮುದುಕರಿಗೆ ಮಂಡಿನೋವು. ಅದಕ್ಕಾಗಿ ನಿನ್ನೆ ರೈಲು ನಿಲ್ದಾಣಕ್ಕೂ ಬಸ್‌ಸ್ಟ್ಯಾಂಡಿಗೂ ಹೋಗಿ, ಡಬ್ಬಿಯ ಮೆಟ್ಟಿಲು ಎತ್ತರವೋ ಬಸ್ಸಿನ ಮೆಟ್ಟಿಲು ಎತ್ತರವೋ ಎಂದು ಹತ್ತಿ ಇಳಿದು ನೋಡಿ ಬಂದಿದ್ದಾರೆ. ಚಿಕ್ಕಪ್ಪ ಬರುತ್ತೇನೆಂದು ಇನ್ನೂ ಹೇಳಿಲ್ಲ. ಇವರೂ ಇನ್ನೂ ಕೇಳಿಲ್ಲ.