ಮಹಾಂತಯ್ಯ ಹಿಡಿದ ಕೈ

ಏಳು ವರ್ಷದ ನೀಲವ್ವನ ಮುಂಗೈಯಲ್ಲಿ ಗಂಟು ಎದ್ದಾಗ, ಅಜ್ಜಿ ಸಂಗವ್ವ ಕಾರಣವನ್ನು ಯಾರ ಹತ್ತಿರವೂ ಕೇಳಲಿಲ್ಲ. "ಸತ್ತ ಅಪ್ಪ ಮಗಳ ಕೈ ಹಿಡದಾನ. ಚೂರಿ ಹಚ್ಚಿದ್ರ ಕೂಸನ್ನ ಒಯ್ತಾನ," ಎಂದುಬಿಟ್ಟಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಉಪ್ಪಿನಬೆಟಗೇರಿಯ ಆ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ ಆಗಿತ್ತು.

ಗಂಟು ನಿಂಬೆಕಾಯಷ್ಟಾಯಿತು. ಸೊಸೆ ಶಿವಲಿಂಗವ್ವನಿಗೂ ಸತ್ತ ಗಂಡನ ಭಯ ಹತ್ತಿತು. ಬದುಕಿದ್ದಾಗ ಜೋರಾಗಿ ಒಂದು ಮಾತೂ ಆಡದ ಮಹಾಂತಯ್ಯ ಈಗ ಹೀಗೆ ಕಾಡಬೇಕೇ! ಹಾಡಹಗಲೇ ಮಗಳು ಮೂಲೆಯಲ್ಲಿ ಕೂತು ಗಂಟಿನ ಜೊತೆ ಪಿಸುಗುಡುವುದನ್ನು ಕಂಡರೆ ಅವಳು ಓಡಿಹೋಗಿ ಕೂಸಿನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಕೊನೆಗೆ ಕೂಸಿಗೆ ಬೆರಳು ಮಡಿಸಲೂ ಆಗದಾದಾಗ ಅತ್ತೆಯ ಕಾಲು ಹಿಡಿದಳು.

"ತೋರಿಸ್ಕೊಂಡಷ್ಟ ಬರೋಣ್ರಿ ಅತ್ತಿ. ಚೂರಿ ಬ್ಯಾಡ."

ಸಂಗವ್ವ ತಾನೂ ಹೊರಟಳು, ಕಾವಲಿಗೆ.

ಧಾರವಾಡದ ಡಾಕ್ಟರ್ ಅಬ್ದುಲಮಜೀದರು ಗಂಟನ್ನು ಒತ್ತಿ ನೋಡಿ ಎಕ್ಸ್‌ರೇ ತೆಗೆಸಿದರು. ಆಮೇಲೆ ನೀಲವ್ವನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ, ಹೆಂಗಸರಿಬ್ಬರನ್ನು ಒಳಗೆ ಕರೆದು ಫಿಲ್ಮನ್ನು ಬೆಳಕಿಗೆ ಹಿಡಿದರು.

"ಎಲುಬು ಛಲೋ ಅದ. ಆದ್ರ ಮಾಂಸದಾಗ ಇದನ್ನ ನೋಡ್ರಿ."

ಕತ್ತರಿಸಿ ಒಗೆದ ಉಗುರಿನಂತೆ ಬಾಗಿದ ಒಂದು ಬಿಳಿ ಗೆರೆ ಅಲ್ಲಿತ್ತು.

"ಒಡದ ಗಾಜಿನ ಬಳೀದು ತುಂಡು. ಅದರ ಸುತ್ತ ಮಾಂಸ ಬೆಳದದ. ಕೊಯ್ದು ತಗದ್ರ ಕೈ ಉಳೀತದ. ಕೂಸು ಯಾವಾಗ ಬಿದ್ದಿತ್ತು?"

"ಬಿದ್ದಿಲ್ರಿ," ಎಂದ ಶಿವಲಿಂಗವ್ವನಿಗೆ ಆ ಗೆರೆಯ ಬಾಗು ನೋಡುತ್ತ ನೆನಪಾಯಿತು. ಮೂರು ವರ್ಷದ ಹಿಂದೆ, ಗಂಡನ ಹೆಣ ಎತ್ತುವ ಮುಂಚೆ, ಅತ್ತೆ ಕಲ್ಲು ಹಿಡಿದು ಅವಳ ಬಳೆ ಒಡೆಯಲು ಬಂದಿದ್ದಳು. "ಅವ್ವನ ಬಳಿ ಒಡೀಬ್ಯಾಡ್ರಿ," ಎಂದು ಚೀರುತ್ತ ನೀಲವ್ವ ತಾಯಿಯ ಕೈಗಳಿಗೆ ಜೋತುಬಿದ್ದಿದ್ದಳು. ಕಲ್ಲು ನಿಲ್ಲಲಿಲ್ಲ. ಸಾವಿನ ಮನೆಯ ಆ ಗೋಳಾಟದಲ್ಲಿ ಕೂಸಿನ ಕೈಗೆ ಹತ್ತಿದ ನೆತ್ತರು ಯಾರದೆಂದು ಯಾರು ನೋಡಬೇಕು? ತಾಯಿಯದೇ ಇರಬೇಕೆಂದು ಒರೆಸಿಬಿಟ್ಟಿದ್ದರು.

ಅವಳು ಅತ್ತೆಯತ್ತ ತಿರುಗಿದಳು. ಫಿಲ್ಮಿನ ಆ ಗೆರೆಗೆ ಬೆರಳಿಟ್ಟು ತೋರಿಸಿದಳು.

ಸಂಗವ್ವನಿಗೂ ಆ ದಿನ ನೆನಪಾಗಿತ್ತು. ಫಿಲ್ಮನ್ನೇ ನೋಡುತ್ತ ನೆಲಕ್ಕೆ ಕುಸಿದಳು. "ತಗೀರಿ ಡಾಕ್ಟ್ರ," ಎಂದಳು. "ನನ್ನ ಮಗ ಅಲ್ರಿ ಅದು. ನಾನ ಮಾಡಿದ್ದು."

ಬಾಗಿಲಾಚೆ ಈ ಮಾತು ಕೇಳಿಸಿರಬೇಕು. ನೀಲವ್ವ ಒಳಗೆ ಓಡಿಬಂದು, ಗಂಟಿನ ಕೈಯನ್ನು ಎದೆಗವಚಿಕೊಂಡು ಅಜ್ಜಿಯ ಮುಂದೆ ನಿಂತಳು.

"ಅಪ್ಪನ್ನ ತಗಸಬ್ಯಾಡ, ಆಯಿ. ಇದರಾಗ ಇಲ್ಲಂದ್ರ ಅಂವ ಎಲ್ಲಿ ಇರ್ತಾನ?"